ಶೀರ್ಷಿಕೆಗೆ ಅಲಂಕಾರಿಕ ಅಕ್ಷರ: ಫಾಂಟಿನ ಆಯ್ಕೆಯಿಂದ ನಾಮಫಲಕದವರೆಗೆ

ಜಾತ್ರೆಯ ಭಿತ್ತಿಪತ್ರವಿರಲಿ, ನಾಟಕದ ಕರಪತ್ರವಿರಲಿ, ಲಗ್ನಪತ್ರಿಕೆಯಿರಲಿ, ಹೊಸ ಅಂಗಡಿಯ ನಾಮಫಲಕವಿರಲಿ, ಮೇಲಿನ ಎರಡು ಮೂರು ಪದಗಳಿಗೆ ಸಾದಾ ಅಕ್ಷರ ಸಾಲದು ಎಂದು ಗ್ರಾಹಕರು ಹೇಳುವುದು ಸಹಜ, ಮತ್ತು ಆ ಬೇಡಿಕೆ ನ್ಯಾಯವಾದದ್ದೂ ಹೌದು. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಕಟ್ಟಿದ ಜಿಲ್ಲೆ ನಮ್ಮದು. ಹೆಸರನ್ನು ದೊಡ್ಡದಾಗಿ, ಬೆಡಗಿನಿಂದ ತೋರಿಸಿ ಜನರನ್ನು ಕರೆಯುವುದು ತುಮಕೂರಿನವರಿಗೆ ಹೊಸ ಸಂಗತಿಯಲ್ಲ. ಆದರೆ ಬೆಡಗಿನ ಅಕ್ಷರವನ್ನು ಎಲ್ಲಿ, ಎಷ್ಟು ದೊಡ್ಡದಾಗಿ, ಯಾವ ವಸ್ತುವಿನ ಮೇಲೆ ಬಳಸಬೇಕೆಂಬುದನ್ನು ಮೊದಲೇ ಯೋಚಿಸದಿದ್ದರೆ ಓದುಗನಿಗೆ ಅಲಂಕಾರ ಕಾಣುತ್ತದೆಯೇ ಹೊರತು ಹೆಸರು ಕಾಣುವುದಿಲ್ಲ. ಡಿಟಿಪಿ ಕೆಲಸದಲ್ಲಿರುವವರಿಗೂ ಅವರಿಂದ ಕೆಲಸ ಮಾಡಿಸಿಕೊಳ್ಳುವವರಿಗೂ ಉಪಯೋಗವಾಗಲೆಂದು ಆ ಯೋಚನೆಯ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಸೆರಿಫಿನ ಅಲಂಕಾರ ಎಲ್ಲಿರುತ್ತದೆ

ಇಂಗ್ಲಿಷ್ ಅಕ್ಷರಗಳಲ್ಲಿ ಗೆರೆಯ ತುದಿಗೆ ಇರುವ ಸಣ್ಣ ಚಾಚನ್ನು ಸೆರಿಫ್ ಎನ್ನುತ್ತಾರೆ. ಪುಸ್ತಕದ ಒಳಪುಟಗಳಿಗೆ ಮಾಡಿದ ಸೆರಿಫ್ ಫಾಂಟಿನಲ್ಲಿ ಈ ಚಾಚು ಅಳತೆ ಮೀರದೆ, ಕಣ್ಣಿಗೆ ಬೀಳದಂತೆ ಇರುತ್ತದೆ. ಶೀರ್ಷಿಕೆಗೆಂದೇ ಮಾಡಿದ ಅಲಂಕಾರಿಕ ಸೆರಿಫಿನಲ್ಲಿ ಅದೇ ಚಾಚು ಉಬ್ಬುತ್ತದೆ, ಸುರುಳಿಯಾಗುತ್ತದೆ, ಅಕ್ಷರದ ಹೊಟ್ಟೆ ಒಂದು ಬದಿಗೆ ವಾಲುತ್ತದೆ, ದಪ್ಪ ಗೆರೆಗೂ ತೆಳು ಗೆರೆಗೂ ಇರುವ ಅಂತರ ಎದ್ದು ಕಾಣುತ್ತದೆ. 1905ರ ವಿಂಡ್ಸರ್, 1922ರ ಕೂಪರ್ ಬ್ಲ್ಯಾಕ್ ಈ ಬಗೆಯ ಹಳೆಯ ಮಾದರಿಗಳು. ಅವುಗಳಿಂದ ಸ್ಫೂರ್ತಿ ಪಡೆದು ಈಚೆಗೆ ಮಾಡಿರುವ ಫ್ರಾನ್ಸಸ್ ಎಂಬ ಫಾಂಟು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಅದು ವೇರಿಯಬಲ್ ಫಾಂಟು. ಅಂದರೆ ಒಂದೇ ಫೈಲಿನೊಳಗೆ ದಪ್ಪವನ್ನು 100ರಿಂದ 900ರವರೆಗೆ, ಗಾತ್ರಕ್ಕೆ ತಕ್ಕ ರೂಪವನ್ನು 9ರಿಂದ 144ರವರೆಗೆ, ಅಂಚಿನ ಮೃದುತ್ವವನ್ನು 0ಯಿಂದ 100ರವರೆಗೆ ಬದಲಿಸಬಹುದು. ನಾಲ್ಕನೆಯದಾಗಿ ವಾಂಕ್ ಎಂಬ ಆಯ್ಕೆಯಿದೆ; ಅದನ್ನು ಹಾಕಿದರೆ ಕೆಲವು ಅಕ್ಷರಗಳು ತುಸು ವಾಲಿ ತುಂಟತನ ತೋರುತ್ತವೆ.

ಕನ್ನಡದ ಅಕ್ಷರಗಳಿಗೆ ಇಂಥ ಪಾದಗಳಿಲ್ಲ. ತಾಳೆಗರಿಯ ಮೇಲೆ ಲೋಹದ ಮೊನೆಯಿಂದ ಕೊರೆದು ಬೆಳೆದ ದುಂಡು ಲಿಪಿ ನಮ್ಮದು, ಮತ್ತು ಕೊರೆದ ಗೆರೆಯಲ್ಲಿ ದಪ್ಪ ತೆಳುವಿನ ವ್ಯತ್ಯಾಸ ಹೆಚ್ಚಿರುವುದಿಲ್ಲ. ಹಾಗಾಗಿ ಕನ್ನಡದಲ್ಲಿ ಸೆರಿಫಿನ ಬೆಡಗನ್ನು ತರಬೇಕಾದರೆ ಅದಕ್ಕೆ ಸಿಗುವ ಜಾಗಗಳು ಮುಖ್ಯವಾಗಿ ಮೂರು: ತಲೆಕಟ್ಟು, ಗೆರೆ ಮುಗಿಯುವ ತುದಿ, ಮತ್ತು ಇಳಿ, ಗುಡಿಸು, ಕೊಂಬು ಮೊದಲಾದ ಸ್ವರಚಿಹ್ನೆಗಳ ಸುರುಳಿ. ಇಂಗ್ಲಿಷಿನ ಪಾದಗಳನ್ನು ಕಿತ್ತು ತಂದು ಕನ್ನಡದ ದುಂಡು ತಳಕ್ಕೆ ಅಂಟಿಸಿದ ಫಾಂಟುಗಳೂ ಕಣ್ಣಿಗೆ ಬೀಳುತ್ತವೆ. ಅವುಗಳನ್ನು ಬಳಸಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ನಮ್ಮ ಅಕ್ಷರದ ತಳದಲ್ಲಿ ಸೇರಿಸುವ ಒಂದು ಸಣ್ಣ ಗೀಟು ಅಲಂಕಾರವಾಗಿ ಉಳಿಯುವುದಿಲ್ಲ, ಅದು ಬೇರೆಯೇ ಅಕ್ಷರವಾಗುತ್ತದೆ.

ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳನ್ನು ನೋಡಿದರೆ ಈ ಮಾತು ತಾನೇ ಸ್ಪಷ್ಟವಾಗುತ್ತದೆ. ಅಲ್ಪಪ್ರಾಣವನ್ನು ಮಹಾಪ್ರಾಣದಿಂದ ಬೇರ್ಪಡಿಸುವುದು ತಳದ ಒಂದು ಪುಟ್ಟ ಗೆರೆ. ರ ಮತ್ತು ಠ ನಡುವೆ ಇರುವುದು ಒಳಗಿನ ಒಂದು ಚುಕ್ಕಿ. ಪ ಮತ್ತು ಷ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೀರು. ಆದ್ದರಿಂದ ಫಾಂಟನ್ನು ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆಯೆಂದರೆ, ಅದನ್ನು ರೂಪಿಸಿದವರು ಅಲಂಕಾರವನ್ನು ಈ ಗುರುತುಗಳಿಂದ ದೂರ ಇಟ್ಟಿದ್ದಾರೆಯೇ ಎಂಬುದು. ತಲೆಕಟ್ಟು ಎಷ್ಟೇ ಬಳುಕಿದರೂ ಅಕ್ಷರ ಅದೇ ಅಕ್ಷರವಾಗಿರುತ್ತದೆ, ತಳ ಮತ್ತು ಒಡಲು ಹಾಗಲ್ಲ.

ಒಂದು ಹೆಸರನ್ನು ಹತ್ತಿರದಿಂದ ನೋಡುವುದು

ಫಾಂಟಿನ ಜಾಹೀರಾತಿನಲ್ಲಿರುವ ಪದವನ್ನು ನೋಡಿ ನಿರ್ಧರಿಸಬಾರದು, ಏಕೆಂದರೆ ಆ ಪದವನ್ನು ಫಾಂಟಿಗೆ ಒಪ್ಪುವಂತೆಯೇ ಆರಿಸಿರುತ್ತಾರೆ. ನಿಮಗೆ ಬೇಕಾದ ಹೆಸರನ್ನೇ ಟೈಪು ಮಾಡಿ ನೋಡಬೇಕು. ಶಿವರಾತ್ರಿಯ ಸುಮಾರಿಗೆ ನಡೆಯುವ 'ಸಿದ್ಧಗಂಗೆ ಜಾತ್ರೆ'ಗೆ ಒಂದು ಭಿತ್ತಿಪತ್ರ ಮಾಡುತ್ತಿದ್ದೀರಿ ಎಂದಿಟ್ಟುಕೊಳ್ಳೋಣ. ಎರಡೇ ಪದಗಳಾದರೂ ಅಲಂಕಾರಿಕ ಫಾಂಟಿಗೆ ಇದು ಕಠಿಣವಾದ ಪರೀಕ್ಷೆ.

ಮೊದಲ ಅಕ್ಷರ 'ಸಿ'. ಗುಡಿಸು ಸೇರಿದಾಗ ತಲೆಕಟ್ಟು ಹೋಗಿ ಅದರ ಜಾಗದಲ್ಲಿ ದುಂಡನೆಯ ಸುರುಳಿ ಬರುತ್ತದೆ. ಫಾಂಟಿನ ಅಂದವೆಲ್ಲ ತಲೆಕಟ್ಟಿನಲ್ಲೇ ಇದ್ದರೆ ಈ ಅಕ್ಷರ ಇಡೀ ಪದದಲ್ಲಿ ಬೋಳಾಗಿ ಕಾಣುತ್ತದೆ. ಒಳ್ಳೆಯ ಫಾಂಟಿನಲ್ಲಿ ತಲೆಕಟ್ಟಿನ ಬೆಡಗು ಗುಡಿಸಿಗೂ ಏತ್ವಕ್ಕೂ ಹರಿದು ಬಂದಿರುತ್ತದೆ. ಮುಂದಿನದು 'ದ್ಧ'. ಇಲ್ಲಿ ಧಕಾರ ಒತ್ತಾಗಿ ಕೆಳಗೆ ಕುಳಿತಿದೆ, ಅದರ ಗಾತ್ರ ಮೇಲಿನ ಅಕ್ಷರಕ್ಕಿಂತ ಬಹಳ ಚಿಕ್ಕದು, ಆ ಚಿಕ್ಕ ಒತ್ತಿನೊಳಗೆ ಮಹಾಪ್ರಾಣದ ಗೆರೆ ಇನ್ನೂ ಚಿಕ್ಕದು. ಮೂವತ್ತು ಅಡಿ ದೂರದಿಂದ ನೋಡಿದಾಗ 'ಸಿದ್ಧ' ಎಂಬುದು 'ಸಿದ್ದ' ಎಂದು ಕಂಡರೆ ಆ ಫಾಂಟು ಈ ಕೆಲಸಕ್ಕೆ ಒದಗುವುದಿಲ್ಲ. ಪರದೆಯ ಮೇಲೆ ಪದವನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣದು ಮಾಡಿ ಕೈಯಳತೆಯ ದೂರದಿಂದ ಓದಿದರೆ ಇದು ಕೂಡಲೇ ತಿಳಿಯುತ್ತದೆ.

'ಗಂ' ಮತ್ತು 'ಗೆ' ಒಂದರ ಬೆನ್ನಿಗೆ ಒಂದು ಬಂದಾಗ ಮೊದಲನೆಯದಕ್ಕೆ ತಲೆಕಟ್ಟು ಇದೆ, ಎರಡನೆಯದಕ್ಕೆ ಏತ್ವವಿದೆ. ಇವೆರಡರ ಎತ್ತರ ಹೊಂದುತ್ತದೆಯೇ, ನಡುವಿನ ಸೊನ್ನೆ ಅಕ್ಷರಗಳ ದಪ್ಪಕ್ಕೆ ತಕ್ಕಂತಿದೆಯೇ ಎಂದು ನೋಡಿ. 'ಜಾ' ಎಂಬಲ್ಲಿರುವ ಜಕಾರಕ್ಕೆ ಮೂಲದಲ್ಲಿಯೇ ತಲೆಕಟ್ಟಿಲ್ಲ. ಖ, ಣ, ಬ, ಲ ಕೂಡ ಹಾಗೆಯೇ. ಹೀಗಾಗಿ ಬರೀ ತಲೆಕಟ್ಟನ್ನು ನಂಬಿದ ಫಾಂಟಿನಲ್ಲಿ 'ಬಾಲಾಜಿ' ಎಂದು ಬರೆದರೆ ಅಲಂಕಾರಕ್ಕೆ ಜಾಗವೇ ಸಿಗುವುದಿಲ್ಲ. ಕೊನೆಗೆ 'ತ್ರೆ'. ರಕಾರದ ಒತ್ತು ಅಕ್ಷರದ ಕೆಳಗಿನಿಂದ ಬಳಸಿ ಬರುವ ಒಂದು ಬಾಗು. ಅದನ್ನು ಉದ್ದಕ್ಕೆ ಎಳೆದರೂ ಬೇರೆ ಅಕ್ಷರದೊಂದಿಗೆ ಗೊಂದಲವಾಗುವುದಿಲ್ಲ. ಕನ್ನಡದಲ್ಲಿ ಮನಸ್ಸು ಬಿಚ್ಚಿ ಅಲಂಕಾರ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಪದದ ಕೊನೆಯಲ್ಲಿ ಇಂಥ ಒತ್ತು ಬಂದರೆ ಶೀರ್ಷಿಕೆ ಬರೆಯುವವರಿಗೆ ಅದೊಂದು ಅದೃಷ್ಟ. ಅಲ್ಲಿ ಎಳೆದ ಬಾಗಿನ ಮೇಲೆ ಇಡೀ ಸಾಲು ನಿಲ್ಲುತ್ತದೆ.

ಕೊಂಬಿನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಉಳಿದ ವ್ಯಂಜನಗಳಿಗೆ ಹಚ್ಚುವ ಹಾಗೆ ವಕಾರಕ್ಕೂ ಮೇಲ್ಬದಿಯಲ್ಲೇ ಕೊಂಬು ಹಚ್ಚಿದರೆ ಅದು ಮಕಾರದಂತೆ ಕಾಣುತ್ತದೆ. ಆದ್ದರಿಂದಲೇ ಪು, ಫು, ವು ಇವುಗಳಲ್ಲಿ ಕೊಂಬು ಕೆಳಗಿನಿಂದ ಹೊರಡುತ್ತದೆ. ಅಂದದ ಭರದಲ್ಲಿ ಈ ನಿಯಮವನ್ನು ಬಿಟ್ಟ ಫಾಂಟು ಸಿಕ್ಕರೆ ಅದರಲ್ಲಿ 'ಹೂವು' ಎಂದು ಬರೆದು ನೋಡಿ, ಮುಂದಿನ ನಿರ್ಧಾರ ತಾನಾಗಿಯೇ ಆಗುತ್ತದೆ.

ಸಿಗುವ ಫಾಂಟುಗಳು

ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತದಲ್ಲಿ, ಉಚಿತವಾಗಿ, ವಾಣಿಜ್ಯ ಕೆಲಸಕ್ಕೂ ಬಳಸಬಹುದಾದ ಅಲಂಕಾರಿಕ ಕನ್ನಡ ಫಾಂಟುಗಳು ಇನ್ನೂ ಕಡಿಮೆ. ಗೂಗಲ್ ಫಾಂಟ್ಸ್‌ನಲ್ಲಿ ಇರುವವುಗಳಲ್ಲಿ ಅಕಾಯ ಕನಡಕ ಈ ಕೆಲಸಕ್ಕೆ ಅತ್ಯಂತ ಹತ್ತಿರದ್ದು. ಅದನ್ನು ಶೀರ್ಷಿಕೆಗೆಂದೇ ರೂಪಿಸಿದ್ದಾರೆ, ಒಂದೇ ದಪ್ಪದಲ್ಲಿ ಸಿಗುತ್ತದೆ. ಬಲೂ ತಮ್ಮ 2 ದುಂಡಗೆ, ತುಂಬಿಕೊಂಡು, ಮಕ್ಕಳ ಕಾರ್ಯಕ್ರಮಕ್ಕೂ ಸಿಹಿತಿಂಡಿ ಅಂಗಡಿಗೂ ಒಪ್ಪುವಂತಿದೆ, ಆದರೆ ಅದರಲ್ಲಿ ದಪ್ಪ ತೆಳುವಿನ ಆಟವಿಲ್ಲ. ಪದ್ಯಕ್ಕೆ ಎಕ್ಸ್‌ಪ್ಯಾಂಡೆಡ್ ಅಗಲವಾದದ್ದು, ಚಿಕ್ಕ ಹೆಸರಿಗೆ ಒಳ್ಳೆಯದು, ಉದ್ದ ಹೆಸರಿಗೆ ಬೋರ್ಡಿನಲ್ಲಿ ಜಾಗ ಸಾಲುವುದಿಲ್ಲ. ಗಂಭೀರವಾದ ಹಳೆಯ ಅಚ್ಚಿನ ಛಾಯೆ ಬೇಕಿದ್ದರೆ ಟೈರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ತೆಗೆದುಕೊಳ್ಳಬಹುದು. ಎರಡನೆಯದು ಅತಿ ತೆಳುವಿನಿಂದ ಅತಿ ದಪ್ಪದವರೆಗೆ ಸಿಗುತ್ತದೆ, ಅದರ ಅತಿ ದಪ್ಪ ರೂಪ ಶೀರ್ಷಿಕೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಇವೆಲ್ಲ ಓಪನ್ ಫಾಂಟ್ ಲೈಸೆನ್ಸಿನಡಿ ಇರುವುದರಿಂದ ಅಂಗಡಿಯ ಬೋರ್ಡಿಗೂ ಮುದ್ರಣಕ್ಕೂ ಹಣ ಕೊಡಬೇಕಾಗಿಲ್ಲ, ಫಾಂಟನ್ನಷ್ಟೇ ಬೇರೆಯಾಗಿ ಮಾರುವಂತಿಲ್ಲ.

ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಕಾಲದ ಹಳೆಯ ಫಾಂಟುಗಳು ಇಂದಿಗೂ ಬಳಕೆಯಲ್ಲಿವೆ. ಅವುಗಳಲ್ಲಿ ಅಂದವಾದ ಕೆಲವು ಇರುವುದು ನಿಜ. ಆದರೆ ಅವು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಇಟ್ಟು ಮಾಡಿದವು; ಗ್ರಾಹಕರು ವಾಟ್ಸ್ಆಪ್‌ನಲ್ಲಿ ಕಳಿಸುವ ಯೂನಿಕೋಡ್ ಪಠ್ಯ ಅವುಗಳಲ್ಲಿ ನೇರವಾಗಿ ಕೂರುವುದಿಲ್ಲ. ಪರಿವರ್ತಕದ ಮೂಲಕ ಬದಲಿಸಿದಾಗ ಹೆಚ್ಚಾಗಿ ಕೆಡುವುದು ಅರ್ಕಾವೊತ್ತು. ಯೂನಿಕೋಡಿನಲ್ಲಿ ರಕಾರ ಮೊದಲು ಇರುತ್ತದೆ, ಹಳೆಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಅಕ್ಷರದ ನಂತರ ಬರುತ್ತದೆ, ಪರಿವರ್ತಕ ಈ ಸ್ಥಾನಪಲ್ಲಟವನ್ನು ಸರಿಯಾಗಿ ಮಾಡದಿದ್ದರೆ 'ವರ್ಷ', 'ಸೂರ್ಯ', 'ಕಾರ್ಯಕ್ರಮ' ಎಲ್ಲವೂ ಹಾಳಾಗುತ್ತವೆ. ಪರಿವರ್ತಿಸಿದ ಶೀರ್ಷಿಕೆಯನ್ನು ಗಟ್ಟಿಯಾಗಿ ಓದದೆ ಮುಂದಕ್ಕೆ ಕಳಿಸಬಾರದು.

ಕೂರಿಸುವ ಕ್ರಮ

ಅಡೋಬಿಯ ತಂತ್ರಾಂಶಗಳಲ್ಲಿ ಕನ್ನಡದ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ದೋಷ ಫಾಂಟಿನದಾಗಿರುವುದಿಲ್ಲ; ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ವರ್ಲ್ಡ್ ರೆಡಿ ಎಂಬ ಜೋಡಣೆಯನ್ನು ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಂಕ್‌ಸ್ಕೇಪ್, ಲಿಬ್ರೆ ಆಫೀಸ್‌ಗಳಲ್ಲಿ ಈ ಜೋಡಣೆ ತಾನಾಗಿಯೇ ನಡೆಯುತ್ತದೆ. ಶುರುವಿನಲ್ಲಿಯೇ ಕ್ಷ, ಜ್ಞ, ಸ್ತ್ರೀ, ರಾಷ್ಟ್ರ, ಕೃಷ್ಣ, ವರ್ಷ ಎಂಬ ಪದಗಳನ್ನು ಟೈಪು ಮಾಡಿ ನೋಡಿಕೊಂಡರೆ ಅರ್ಧ ತೊಂದರೆಗಳು ಆಗಲೇ ತಿಳಿಯುತ್ತವೆ. 'ರ‍್ಯಾಲಿ' ಎಂಬ ಪದದಲ್ಲಿ ರಕಾರ ಅರ್ಕಾವೊತ್ತಾಗಿ ಹಿಂದೆ ಹೋಗಬಾರದು, ಯಕಾರ ಒತ್ತಾಗಿ ಕೆಳಗೆ ಬರಬೇಕು. ಅದಕ್ಕಾಗಿ ರಕಾರದ ನಂತರ, ಹಲಂತಕ್ಕೆ ಮೊದಲು, ಕಣ್ಣಿಗೆ ಕಾಣದ ಜೀರೊ ವಿಡ್ತ್ ಜಾಯ್ನರ್ ಎಂಬ ಚಿಹ್ನೆಯನ್ನು ಸೇರಿಸಬೇಕು.

ಅಕ್ಷರಗಳ ನಡುವಿನ ಅಂತರವನ್ನು ಹಿಗ್ಗಿಸುವ ಅಭ್ಯಾಸ ಇಂಗ್ಲಿಷಿನ ದೊಡ್ಡಕ್ಷರಗಳಿಂದ ಬಂದದ್ದು, ಕನ್ನಡಕ್ಕೆ ಅದು ಹೊಂದುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ ಅಂತರ ಹೆಚ್ಚಿಸಿದರೆ 'ಶ್ರೀ' ಎಂಬುದರ ದೀರ್ಘ ಅಕ್ಷರದಿಂದ ಬೇರ್ಪಟ್ಟು ದೂರ ನಿಲ್ಲುತ್ತದೆ. ಅಂತರವನ್ನು ಸೊನ್ನೆಯಲ್ಲೇ ಬಿಟ್ಟು, ಎಲ್ಲಿ ಎರಡು ಅಕ್ಷರಗಳ ನಡುವೆ ಖಾಲಿ ಹೆಚ್ಚಾಗಿ ಕಾಣುತ್ತದೋ ಅಲ್ಲಿ ಮಾತ್ರ ಕೈಯಿಂದ ಸರಿಪಡಿಸುವುದು ಲೇಸು. ಅಕ್ಷರವನ್ನು ಅಡ್ಡಕ್ಕೆ ಎಳೆದು ಜಾಗ ತುಂಬಿಸುವುದಂತೂ ಬೇಡವೇ ಬೇಡ, ಅದರಿಂದ ದಪ್ಪ ತೆಳುವಿನ ಲೆಕ್ಕವೆಲ್ಲ ತಪ್ಪಿಹೋಗುತ್ತದೆ.

ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಗುಲುತ್ತವೆಯೇ ಎಂದು ನೋಡಬೇಕು. ತಂತ್ರಾಂಶ ಕೊಡುವ ಸಾಲಂತರವನ್ನು ನಂಬುವುದಕ್ಕಿಂತ ಆ ಎರಡು ಸಾಲಿನಲ್ಲಿ ನಿಜವಾಗಿ ಎಲ್ಲೆಲ್ಲಿ ಒತ್ತು ಬಂದಿದೆ ಎಂದು ನೋಡಿ ನಿರ್ಧರಿಸುವುದು ಒಳ್ಳೆಯದು. 'ಶಿಡ್ಲಘಟ್ಟ' ಎಂಬ ಹೆಸರಿನ ಕೆಳಗೆ ಬರುವ ಸಾಲಿಗೆ ಹೆಚ್ಚು ಜಾಗ ಬೇಕು, 'ಕೊರಟಗೆರೆ'ಯ ಕೆಳಗೆ ಅಷ್ಟು ಬೇಡ. ಅಲಂಕಾರಿಕ ಫಾಂಟನ್ನು 24 ಪಾಯಿಂಟಿಗಿಂತ ಕಡಿಮೆಗೆ ಇಳಿಸಬೇಡಿ, ಹೆಸರು ಮತ್ತು ಒಂದು ಅಡಿಬರಹವನ್ನು ಬಿಟ್ಟು ಬೇರೆಲ್ಲಿಯೂ ಬಳಸಬೇಡಿ. ದಿನಾಂಕ, ಸ್ಥಳ, ದೂರವಾಣಿ ಇವೆಲ್ಲ ಸಾದಾ ಫಾಂಟಿನಲ್ಲಿರಲಿ.

ಎರಡು ಭಾಷೆಗಳ ಫಲಕ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ವಾಣಿಜ್ಯ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು. ಆದರೂ ಅನೇಕ ಬೋರ್ಡುಗಳಲ್ಲಿ ಇಂಗ್ಲಿಷ್ ಹೆಸರಿಗೆ ಬೆಡಗಿನ ಸೆರಿಫ್ ಹಾಕಿ, ಮೇಲಿನ ಕನ್ನಡಕ್ಕೆ ಕೈಗೆ ಸಿಕ್ಕ ಯಾವುದೋ ಫಾಂಟನ್ನು ಹಾಕಿರುತ್ತಾರೆ. ಜಾಗ ಕನ್ನಡಕ್ಕೆ ಸಿಕ್ಕಿದರೂ ಪ್ರೀತಿ ಇಂಗ್ಲಿಷಿಗೆ ಸಿಕ್ಕಂತೆ ಅದು ಕಾಣುತ್ತದೆ, ಮನಸ್ಸಿಗೆ ನೋವಾಗುತ್ತದೆ. ಕೆಲಸವನ್ನು ಕನ್ನಡದಿಂದಲೇ ಆರಂಭಿಸಬೇಕು. ಮೊದಲು ಕನ್ನಡದ ಹೆಸರಿಗೆ ಫಾಂಟು ಗೊತ್ತುಮಾಡಿ, ಅದರ ದಪ್ಪ ಗೆರೆಯ ಅಳತೆ ತೆಗೆದುಕೊಂಡು, ಇಂಗ್ಲಿಷಿನ ದಪ್ಪವನ್ನು ಅದಕ್ಕೆ ಹೊಂದಿಸಿ. ಫ್ರಾನ್ಸಸ್‌ನಂಥ ವೇರಿಯಬಲ್ ಫಾಂಟಿನಲ್ಲಿ ಇದು ಸುಲಭ. ದಪ್ಪವನ್ನು ಕನ್ನಡಕ್ಕೆ ಸಮನಾಗುವವರೆಗೆ ಏರಿಸಿ, ಕನ್ನಡದ ದುಂಡುತನಕ್ಕೆ ಒಪ್ಪಲೆಂದು ಮೃದುತ್ವವನ್ನು ಹೆಚ್ಚಿಸಬಹುದು. ವಾಂಕ್ ಬೇಕೇ ಬೇಡವೇ ಎಂಬುದು ವ್ಯಾಪಾರದ ಸ್ವಭಾವವನ್ನು ಅವಲಂಬಿಸಿದೆ. ತಟ್ಟೆ ಇಡ್ಲಿಯ ಹೋಟೆಲಿಗೆ ಅದು ಚೆನ್ನ, ವಕೀಲರ ಕಚೇರಿಗೆ ಬೇಡ. ಕನ್ನಡ ಮತ್ತು ಇಂಗ್ಲಿಷ್ ಎರಡೂ ಬಹಳ ಕುಣಿಯುವ ಫಾಂಟುಗಳಾದರೆ ಕಣ್ಣು ಎಲ್ಲಿ ನಿಲ್ಲಬೇಕೆಂದು ತಿಳಿಯದು. ಒಂದು ಕುಣಿಯಲಿ, ಇನ್ನೊಂದು ತಾಳ ಹಾಕಲಿ.

ವಸ್ತುವಿಗೆ ತಕ್ಕ ತಯಾರಿ

ಬೋರ್ಡಿನ ಗಾತ್ರಕ್ಕೆ ವಾಡಿಕೆಯ ಲೆಕ್ಕವೊಂದಿದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ತುಮಕೂರಿನ ಬಿ.ಎಚ್. ರಸ್ತೆಯ ಎದುರು ಬದಿಯಿಂದ, ಅಂದರೆ ಸುಮಾರು ಅರವತ್ತು ಅಡಿಯಿಂದ ಓದಬೇಕಾದರೆ ಆರು ಇಂಚು. ಆದರೆ ಈ ಲೆಕ್ಕ ಸಾದಾ ಇಂಗ್ಲಿಷ್ ಅಕ್ಷರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಕನ್ನಡದಲ್ಲಿ ತಲೆಕಟ್ಟಿನಿಂದ ಅಕ್ಷರದ ತಳದವರೆಗಿನ ಎತ್ತರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು, ಒತ್ತನ್ನು ಸೇರಿಸಬಾರದು. ಫಾಂಟು ಅಲಂಕಾರಿಕವಾಗಿದ್ದರೆ ಇನ್ನೂ ಒಂದೆರಡು ಇಂಚು ಹೆಚ್ಚಿಡುವುದು ಕ್ಷೇಮ.

ಲಗ್ನಪತ್ರಿಕೆಯಲ್ಲಿ ತೊಂದರೆ ಕೊಡುವುದು ತೆಳು ಗೆರೆ. ಆಫ್‌ಸೆಟ್ಟಿನಲ್ಲಿ 0.25 ಪಾಯಿಂಟಿಗಿಂತ ತೆಳುವಾದ ಗೆರೆ ಮುರಿದು ಕಾಣುವ ಸಂಭವವಿದೆ. ಕಡುಗೆಂಪು ನೆಲದಲ್ಲಿ ಬಿಳಿ ಅಕ್ಷರವನ್ನು ಬಿಡಿಸಿದರೆ ಸುತ್ತಲಿನ ಬಣ್ಣ ಒಳಕ್ಕೆ ಹರಡಿ ಅದೇ ಗೆರೆ ಮುಚ್ಚಿಹೋಗುತ್ತದೆ, ಆದ್ದರಿಂದ ಅಲ್ಲಿ ಇದರ ಎರಡರಷ್ಟಾದರೂ ದಪ್ಪವಿರಬೇಕು. ಸ್ಕ್ರೀನ್ ಪ್ರಿಂಟಿಂಗ್ ಮತ್ತು ಚಿನ್ನದ ಫಾಯಿಲ್ ಕೆಲಸದಲ್ಲಿ ಇನ್ನೊಂದು ಅಪಾಯವೂ ಇದೆ: ಅಕ್ಷರದ ಒಳಗಿನ ಕಿಂಡಿಗಳು ತುಂಬಿಕೊಳ್ಳುತ್ತವೆ. ಠಕಾರದ ಚುಕ್ಕಿ, ಷಕಾರದ ಗೀರು ಮೊದಲು ಕಾಣೆಯಾಗುತ್ತವೆ. ಅಚ್ಚಿಗೆ ಕಳಿಸುವ ಮುನ್ನ ನಿಜವಾದ ಗಾತ್ರದಲ್ಲಿ ಒಂದು ಪ್ರತಿಯನ್ನು ಸಾದಾ ಹಾಳೆಯ ಮೇಲೆ ತೆಗೆದು ನೋಡಿದರೆ ಯಾವ ಕಿಂಡಿ ಚಿಕ್ಕದು ಎಂಬುದು ತಿಳಿಯುತ್ತದೆ. ಫೈಲನ್ನು ಕೊಡುವಾಗ ಅಕ್ಷರಗಳನ್ನು ಕರ್ವ್ಸ್ ಮಾಡಿ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಚಿತ್ರವಾಗಿ ಬದಲಿಸಿ ಕೊಡಿ, ಇಲ್ಲವಾದರೆ ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದೆ ಹೆಸರು ಬೇರೆಯಾಗಿ ಬೀಳುತ್ತದೆ. ತಿದ್ದಲು ಬರುವಂಥ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ.

ಎಸಿಪಿ ಎಂಬ ಅಲ್ಯೂಮಿನಿಯಂ ಹೊದಿಕೆಯ ಶೀಟಿನ ಮೇಲೆ ಅಕ್ರಿಲಿಕ್ ಅಕ್ಷರಗಳನ್ನು ಕತ್ತರಿಸಿ ಕೂರಿಸುವ ಬೋರ್ಡುಗಳಲ್ಲಿ ಇಂಗ್ಲಿಷಿಗೆ ಇಲ್ಲದ ಒಂದು ಪ್ರಶ್ನೆ ಕನ್ನಡಕ್ಕಿದೆ. ನಮ್ಮ ಒತ್ತು, ಸೊನ್ನೆ, ದೀರ್ಘ ಇವು ಅನೇಕ ಫಾಂಟುಗಳಲ್ಲಿ ಮುಖ್ಯ ಅಕ್ಷರಕ್ಕೆ ತಾಗಿರುವುದಿಲ್ಲ, ಪ್ರತ್ಯೇಕ ತುಂಡುಗಳಾಗಿ ಕತ್ತರಿಸಿ ಬರುತ್ತವೆ. ಬಿಸಿಲು ಮಳೆಗೆ ಅಂಟು ಸಡಿಲವಾದಾಗ ಮೊದಲು ಬೀಳುವುದು ಈ ಚಿಕ್ಕ ತುಂಡುಗಳೇ. 'ಅಣ್ಣ' ಹೋಗಿ 'ಅಣ' ಉಳಿದರೆ ಅಂಗಡಿಯ ಹೆಸರೇ ಬದಲಾದಂತೆ. ಇದಕ್ಕೆ ಎರಡು ಪರಿಹಾರಗಳಿವೆ. ಕರ್ವ್ಸ್ ಮಾಡಿದ ನಂತರ ಒತ್ತನ್ನು ತುಸು ಮೇಲಕ್ಕೆ ಸರಿಸಿ ಅಕ್ಷರದ ತಳಕ್ಕೆ ಬೆಸೆಯಬಹುದು, ಆದರೆ ಬೆಸುಗೆ ಬೀಳುವ ಜಾಗದಲ್ಲಿ ಮಹಾಪ್ರಾಣದ ಗೆರೆಯಂತೆ ಕಾಣುವ ಗಂಟು ಉಂಟಾಗಬಾರದು. ಹಾಗೆ ಬೆಸೆಯಲು ಆಗದಿದ್ದರೆ ಇಡೀ ಪದದ ಸುತ್ತ ಅರ್ಧ ಇಂಚಿನಷ್ಟು ಹೊರಗೆ ಒಂದು ಅಂಚು ಎಳೆದು, ಆ ಆಕಾರದಲ್ಲಿ ಇನ್ನೊಂದು ಬಣ್ಣದ ಶೀಟನ್ನು ಕತ್ತರಿಸಿ, ಅಕ್ಷರಗಳನ್ನೂ ಒತ್ತುಗಳನ್ನೂ ಅದರ ಮೇಲೆ ಕೂರಿಸಿ ಬೋರ್ಡಿಗೆ ಸ್ಕ್ರೂ ಹಾಕಬೇಕು. ಖರ್ಚು ತುಸು ಹೆಚ್ಚಾದರೂ ಅಲಂಕಾರಿಕ ಅಕ್ಷರಗಳಿಗೆ ನಾನು ಎರಡನೆಯ ಕ್ರಮವನ್ನೇ ಸೂಚಿಸುತ್ತೇನೆ, ಏಕೆಂದರೆ ಹಿಂದಿನ ಬಣ್ಣ ತೆಳು ಗೆರೆಗಳನ್ನೂ ಎತ್ತಿ ತೋರಿಸುತ್ತದೆ. ಕತ್ತರಿಸುವವರಿಗೆ ಫೈಲು ಕೊಡುವಾಗ ಪ್ರತಿ ತುಂಡಿಗೂ ಸಂಖ್ಯೆ ಹಾಕಿದ ಒಂದು ನಕ್ಷೆಯನ್ನೂ ಜೊತೆಗೆ ಕೊಟ್ಟರೆ ಬೋರ್ಡು ಕೂರಿಸುವವರು ಯಾವ ಒತ್ತು ಯಾವ ಅಕ್ಷರದ ಕೆಳಗೆ ಎಂದು ಊಹಿಸಬೇಕಾಗುವುದಿಲ್ಲ.